ವಿಶ್ವಸುಂದರಿ ಸ್ಪರ್ಧೆಯೂ ಮೈಸೂರು ಸೀಮೆಯೂ

ಭುವನ ಸುಂದರಿ (ಮಿಸ್ ಯೂನಿವರ್ಸ್) ಸ್ಪರ್ಧೆ ಮೊದಲ ಸಲ ನಡೆದದ್ದು 1952ರ ಜೂನ್ ತಿಂಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಡಲ ತೀರದ ಊರಾದ ಲಾಂಗ್ ಬೀಚ್‌ನಲ್ಲಿ. ಮೂವತ್ತು ಸ್ಪರ್ಧಿಗಳಿದ್ದ ಆ ಸಾಲಿನಲ್ಲಿ ಭಾರತದ ಪರವಾಗಿ ನಿಂತವರು ಇಂದ್ರಾಣಿ ರಹಮಾನ್. ಆಗ ಅವರಿಗೆ 21 ವರ್ಷ. ಮದುವೆಯಾಗಿತ್ತು, ಮಗುವೂ ಇತ್ತು. ಹಣೆಗೆ ಕುಂಕುಮ, ಮುಡಿಗೆ ಹೂವು, ಮೈಮೇಲೆ ಈಜುಡುಗೆ: ಹೀಗೆ ನಿಂತ ಅವರ ಚಿತ್ರಗಳು ಇಂದಿಗೂ ಉಳಿದಿವೆ. ಕಿರೀಟ ಫಿನ್ಲೆಂಡಿನ ಆರ್ಮಿ ಕೂಸೆಲಾ ಅವರ ಪಾಲಾಯಿತು. ಇಂದ್ರಾಣಿ ಭಾರತಕ್ಕೆ ಮರಳಿ ನೃತ್ಯದಲ್ಲಿ ತೊಡಗಿದರು. ಮುಂದೆ ಒಡಿಸ್ಸಿಯನ್ನು ಒರಿಸ್ಸಾದ ಹೊರಗಿನ ವೇದಿಕೆಗಳಿಗೆ ಒಯ್ದ ಕಲಾವಿದೆಯೆಂದೇ ಅವರ ಹೆಸರು ನಿಂತಿತು. ಮದುವೆಯಾದವರು, ತಾಯಂದಿರು ಭಾಗವಹಿಸುವಂತಿಲ್ಲ ಎಂಬ ಕಟ್ಟುನಿಟ್ಟು ಈ ಸ್ಪರ್ಧೆಗೆ ಆಮೇಲೆ ಬಂತು. ಅದನ್ನು ತೆಗೆದುಹಾಕಿದ್ದು 2023ರ ಆವೃತ್ತಿಯಿಂದ. ಭಾರತದ ಮೊದಲ ಪ್ರತಿನಿಧಿಯೇ ಆ ಕಟ್ಟಳೆ ಹುಟ್ಟುವ ಮುನ್ನ ವೇದಿಕೆ ಏರಿ ಇಳಿದಿದ್ದರು.

ಇಂದ್ರಾಣಿಯವರಿಗೆ ನೃತ್ಯ ತಾಯಿಯಿಂದ ಬಂದ ಸೊತ್ತು. ತಾಯಿ ರಾಗಿಣಿ ದೇವಿಯವರ ಹುಟ್ಟುಹೆಸರು ಎಸ್ತರ್ ಲುಯೆಲಾ ಶರ್ಮನ್. ಅಮೆರಿಕದ ಮಿಷಿಗನ್ ಪ್ರಾಂತ್ಯದಲ್ಲಿ 1893ರಲ್ಲಿ ಹುಟ್ಟಿದ ಈ ಮಹಿಳೆ ಭಾರತದ ನೃತ್ಯಕ್ಕೆ ಮನಸೋತು, ಅಲ್ಲಿ ನೆಲೆಸಿದ್ದ ಭಾರತೀಯ ರಾಷ್ಟ್ರವಾದಿ ರಾಮಲಾಲ್ ಬಾಜಪೇಯಿ ಅವರನ್ನು ಮದುವೆಯಾಗಿ, 1930ರಲ್ಲಿ ಈ ನೆಲಕ್ಕೆ ಬಂದಿಳಿದರು. ಅದೇ ವರ್ಷ ಮದ್ರಾಸಿನಲ್ಲಿ ಇಂದ್ರಾಣಿ ಹುಟ್ಟಿದರು. ದಕ್ಷಿಣದ ನೃತ್ಯವನ್ನು ಬಲ್ಲವರಿಂದಲೇ ಕಲಿಯಬೇಕೆಂಬ ಹಟ ರಾಗಿಣಿ ದೇವಿಯವರದು. ಆ ಹುಡುಕಾಟ ಅವರನ್ನು ಮೈಸೂರಿಗೆ, ಜಟ್ಟಿ ತಾಯಮ್ಮನವರ ಮನೆ ಬಾಗಿಲಿಗೆ ತಂದಿತು. ಜಾಗತಿಕ ಸೌಂದರ್ಯ ಸ್ಪರ್ಧೆಯ ಇತಿಹಾಸದೊಳಗೆ ಮೈಸೂರು ನಗರದ ಎಳೆಯೊಂದು ಸೇರಿಕೊಂಡಿರುವುದು ಹೀಗೆ. ಎಳೆ ತೆಳುವಾದದ್ದೇ. ಆದರೆ ಹೆಣ್ಣು ನಾಲ್ಕು ಜನರ ಎದುರು ವೇದಿಕೆ ಏರುವುದನ್ನು ಯಾರು ಒಪ್ಪಬೇಕು, ಯಾರು ತಡೆಯಬಹುದು ಎಂಬ ಪ್ರಶ್ನೆಯನ್ನು ಮೈಸೂರು ಸೀಮೆ ಈ ಸ್ಪರ್ಧೆಗಳು ಹುಟ್ಟುವ ಅರ್ಧ ಶತಮಾನ ಮೊದಲೇ ಎದುರಿಸಿತ್ತು. 1996ರಲ್ಲಿ ಬೆಂಗಳೂರಿಗೆ ವಿಶ್ವಸುಂದರಿ (ಮಿಸ್ ವರ್ಲ್ಡ್) ಸ್ಪರ್ಧೆ ಬಂದಾಗ ಎದ್ದ ಗದ್ದಲವನ್ನು ಆ ಹಿಂದಿನ ಕಥೆಯ ಜೊತೆಗಿಟ್ಟು ನೋಡಬೇಕು.

ಜಟ್ಟಿ ತಾಯಮ್ಮ ಹುಟ್ಟಿದ್ದು 1857ರಲ್ಲಿ, ಮೈಸೂರಿನ ಜಟ್ಟಿಗಳ ಮನೆತನದಲ್ಲಿ. ಜಟ್ಟಿಗಳೆಂದರೆ ಅರಮನೆಯ ಮಲ್ಲರು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಇಂದಿಗೂ ಅವರದೇ. ಗರಡಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಗೆಜ್ಜೆ ಕಟ್ಟಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕುಣಿತ ಆಗ ಬೇರೆ ಕುಲದವರ ಕಸುಬು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆಸ್ಥಾನಕ್ಕೆ ಬಂದ ತಾಯಮ್ಮ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಹೆಸರುವಾಸಿಯಾಗಿದ್ದರು. ಕಾಲಿನ ಬೀಸಿಗಿಂತ ಮುಖದ ಭಾವ, ಕಣ್ಣಿನ ಚಲನೆ, ಕೈಯ ಮುದ್ರೆಗಳಿಂದ ಪದ, ಜಾವಳಿಗಳ ಅರ್ಥವನ್ನು ಬಿಡಿಸುವ ಅಭಿನಯವೇ ಮೈಸೂರು ಶೈಲಿಯ ಜೀವಾಳ. ಆ ಅಭಿನಯದಲ್ಲಿ ತಾಯಮ್ಮನವರಿಗೆ ಸಾಟಿಯಿಲ್ಲ ಎಂಬ ಮಾತಿತ್ತು. ಇಳಿವಯಸ್ಸಿನಲ್ಲೂ ಅವರು ಕುಳಿತಲ್ಲಿಂದಲೇ ಪಾಠ ಹೇಳುತ್ತಿದ್ದರು. 1947ರಲ್ಲಿ ತೀರಿಕೊಂಡರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರಿನ ಕಡೆಯ ಲಂಬಾಣಿ ತಾಂಡದಿಂದ ಬಂದವರು. 1939ರಲ್ಲಿ ಆಸ್ಥಾನ ವಿದುಷಿಯಾದರು, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಲು ತೊಡಗಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಮಲ್ಲರ ಮನೆಯ ತಾಯಮ್ಮ, ತಾಂಡದ ವೆಂಕಟಲಕ್ಷಮ್ಮ, ಅಮೆರಿಕದ ರಾಗಿಣಿ: ಮೈಸೂರಿನ ಒಂದೇ ಗುರುಪರಂಪರೆಯಲ್ಲಿ ಈ ಮೂವರು ಕೂಡಿಬಂದದ್ದು ಆ ನಗರದ ದೊಡ್ಡತನ.

ಆದರೆ ಅರಮನೆಯೊಳಗೆ ಸಲ್ಲುತ್ತಿದ್ದ ನೃತ್ಯ ಗುಡಿಯೊಳಗೆ ಸಲ್ಲದಾಗುತ್ತಿದ್ದ ಕಾಲವೂ ಅದೇ ಆಗಿತ್ತು. 1890ರ ದಶಕದಿಂದಲೇ ಮೈಸೂರು ಸರ್ಕಾರ ಮುಜರಾಯಿ ಗುಡಿಗಳಲ್ಲಿ ಗೆಜ್ಜೆಪೂಜೆಗೆ ತಡೆ ಒಡ್ಡಲು ಮೊದಲುಮಾಡಿತು. 1909ರ ಆದೇಶ ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನೇ ಕೊನೆಗೊಳಿಸಿತು. ಮದ್ರಾಸ್ ಪ್ರಾಂತ್ಯದಲ್ಲಿ ಇಂಥ ಕಾನೂನು ಬಂದದ್ದು 1947ರಲ್ಲಿ. ಮೈಸೂರು ಸುಮಾರು ನಾಲ್ಕು ದಶಕ ಮುಂದಿತ್ತು. ಸುಧಾರಣೆಯ ದೃಷ್ಟಿಯಿಂದ ನೋಡಿದರೆ ಇದು ಹೆಮ್ಮೆಯ ಸಂಗತಿ. ಹೆಣ್ಣುಮಕ್ಕಳನ್ನು ಎಳೆವೆಯಲ್ಲೇ ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ನಿಲ್ಲಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರು ತಮ್ಮ ಹಕ್ಕನ್ನು ಕಿತ್ತುಕೊಳ್ಳಬಾರದೆಂದು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರು. ತಲೆಮಾರುಗಳಿಂದ ಬಂದ ಸೇವೆ, ಅದರ ಜೊತೆಗಿದ್ದ ಉಂಬಳಿ ಮತ್ತು ಮರ್ಯಾದೆ ಹೋದರೆ ಬದುಕು ಹೇಗೆ ಎಂಬುದು ಅವರ ಅಳಲು. ಸರ್ಕಾರ ಅದಕ್ಕೆ ಓಗೊಡಲಿಲ್ಲ. ಶಾಸ್ತ್ರ ಏನು ಹೇಳುತ್ತದೆಂದು ಪಂಡಿತರನ್ನು ಕೇಳಲಾಯಿತು, ನೀತಿ ಏನೆಂದು ಅಧಿಕಾರಿಗಳು ಬರೆದರು. ಕುಣಿಯುತ್ತಿದ್ದ ಹೆಂಗಸರ ಮಾತು ಕಡತದ ಕೊನೆಯ ಹಾಳೆಯಾಯಿತು. ಮುಂದಿನ ತೊಂಬತ್ತು ವರ್ಷಗಳ ವಾದಗಳಲ್ಲೂ ಈ ಕೊರತೆ ಹೋಗಲಿಲ್ಲ.

ಹೆಣ್ಣಿನ ಚೆಲುವನ್ನು ಸಾಲಾಗಿ ನಿಲ್ಲಿಸಿ ತೋರಿಸುವ ಬಗೆಯೂ ಮೈಸೂರಿಗೆ ಹೊಸದಾಗಿರಲಿಲ್ಲ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರಾಜಾ ರವಿವರ್ಮ ಬಿಡಿಸಿದ ದೊಡ್ಡ ತೈಲಚಿತ್ರವೊಂದಿದೆ. 1889ರ ಸುಮಾರಿಗೆ ಮೈಸೂರು ಮಹಾರಾಜರಿಗಾಗಿ ಬರೆದದ್ದು. ಭಾರತದ ಬೇರೆ ಬೇರೆ ಪ್ರಾಂತ್ಯಗಳ ಹನ್ನೊಂದು ಮಂದಿ ಸಂಗೀತಗಾರ್ತಿಯರು ತಮ್ಮ ತಮ್ಮ ಸೀಮೆಯ ಉಡುಗೆ ತೊಡುಗೆಯಲ್ಲಿ ಒಟ್ಟಿಗೆ ಸೇರಿದ್ದಾರೆ. ಒಬ್ಬಾಕೆಯ ತೊಡೆಯ ಮೇಲೆ ವೀಣೆ. ಒಬ್ಬಾಕೆಯದು ಮಲೆಯಾಳದ ಬಿಳಿಯ ಉಡುಗೆ, ಇನ್ನೊಬ್ಬಾಕೆಯದು ಮರಾಠಿ ಸೀರೆ, ಮತ್ತೊಬ್ಬಾಕೆಯದು ಮುಸಲ್ಮಾನರ ಉಡುಪು. ಪ್ರತಿ ಹೆಣ್ಣೂ ಒಂದೊಂದು ಪ್ರಾಂತ್ಯದ ಗುರುತು, ಎಲ್ಲರೂ ಸೇರಿದರೆ ದೇಶ. ದೇಶದೇಶಗಳ ಸ್ಪರ್ಧಿಗಳು ತಂತಮ್ಮ ರಾಷ್ಟ್ರೀಯ ಉಡುಗೆ ತೊಟ್ಟು ಹೆಜ್ಜೆಹಾಕುವ ಇಂದಿನ ಸುತ್ತಿನ ಹಿಂದಿರುವ ಕಲ್ಪನೆಯೂ ಇದೇ. ಒಂದು ದೇಶವನ್ನು ಒಂದು ಹೆಣ್ಣಿನ ಮೈಯಲ್ಲಿ, ಉಡುಗೆಯಲ್ಲಿ ಕಾಣುವ ಚಾಳಿ ದೂರದರ್ಶನಕ್ಕಿಂತ ಬಹಳ ಹಳೆಯದು. ಅದೇ ಚಿತ್ರಶಾಲೆಯಲ್ಲಿ ನೋಡುಗರು ಹೆಚ್ಚು ಹೊತ್ತು ನಿಲ್ಲುವ ಇನ್ನೊಂದು ಚಿತ್ರ ‘ದೀಪಧಾರಿಣಿ’. ಎಷ್ಟೋ ಜನ ಅದನ್ನೂ ರವಿವರ್ಮನದೆಂದೇ ನಂಬಿದ್ದಾರೆ, ಬರೆದವರು ಎಸ್.ಎಲ್. ಹಲ್ದಣಕರ್, 1945–46ರ ಹೊತ್ತಿನಲ್ಲಿ, ಜಲವರ್ಣದಲ್ಲಿ. ಅದಕ್ಕೆ ರೂಪದರ್ಶಿಯಾಗಿ ಗಂಟೆಗಟ್ಟಲೆ ದೀಪ ಹಿಡಿದು ನಿಂತವರು ಅವರ ಮಗಳು ಗೀತಾ.

ಇಷ್ಟು ಹಿನ್ನೆಲೆಯ ಮೇಲೆ ಸ್ಪರ್ಧೆಗಳ ಹುಟ್ಟನ್ನು ನೋಡಬಹುದು. ವಿಶ್ವಸುಂದರಿ ಸ್ಪರ್ಧೆ ಆರಂಭವಾದದ್ದು 1951ರ ಜುಲೈನಲ್ಲಿ, ಲಂಡನ್ನಿನಲ್ಲಿ. ಯುದ್ಧದ ಬಳಿಕ ಬ್ರಿಟನ್ನಿನ ಜನರಲ್ಲಿ ಹುರುಪು ತುಂಬಲು ನಡೆದ ‘ಫೆಸ್ಟಿವಲ್ ಆಫ್ ಬ್ರಿಟನ್’ ಉತ್ಸವದ ಜೊತೆಗೆ ಮೆಕ್ಕಾ ಎಂಬ ಮನರಂಜನಾ ಕಂಪನಿಯ ಎರಿಕ್ ಮಾರ್ಲಿ ಬಿಕಿನಿ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ‘ಮಿಸ್ ವರ್ಲ್ಡ್’ ಎಂದು ಕರೆದವರು ಪತ್ರಿಕೆಗಳವರು. ಗೆದ್ದವರು ಸ್ವೀಡನ್ನಿನ ಕಿಕಿ ಹಾಕನ್ಸನ್. ಬಿಕಿನಿಯಲ್ಲಿ ಕಿರೀಟ ತೊಡಿಸಿದ್ದಕ್ಕೆ ಹಲವು ಕಡೆಗಳಿಂದ ಆಕ್ಷೇಪ ಬಂದು, ಮುಂದಿನ ವರ್ಷದಿಂದ ಅದರ ಬದಲು ಮೈ ಹೆಚ್ಚು ಮುಚ್ಚುವ ಈಜುಡುಗೆ ಬಂತು. ಒಂದು ಸಲದ ಪ್ರಚಾರಕ್ಕೆಂದು ಹುಟ್ಟಿದ್ದು ವರ್ಷವರ್ಷದ ಕಾರ್ಯಕ್ರಮವಾಯಿತು. ಭುವನ ಸುಂದರಿಯ ಹುಟ್ಟಿನಲ್ಲೂ ಬಟ್ಟೆ ವ್ಯಾಪಾರವೇ ಇದೆ. 1951ರ ‘ಮಿಸ್ ಅಮೆರಿಕ’ ಯೊಲಾಂಡ್ ಬೆಟ್‌ಬೆಜ್ ಈಜುಡುಗೆ ತೊಟ್ಟು ಪ್ರಚಾರಕ್ಕೆ ಹೋಗಲಾರೆನೆಂದರು. ಸಿಟ್ಟಾದ ಪ್ರಾಯೋಜಕ ಕಂಪನಿ ಕ್ಯಾಟಲೀನಾ ಆ ಸ್ಪರ್ಧೆಯನ್ನು ಬಿಟ್ಟು ತನ್ನದೇ ಸ್ಪರ್ಧೆ ಹುಟ್ಟುಹಾಕಿತು. ಈಜುಡುಗೆ ಮಾರುವವರು ಕಟ್ಟಿದ ವೇದಿಕೆಯ ಮೇಲೆ ಈಜುಡುಗೆ ಸುತ್ತು ಏಕೆ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಭಾರತದಲ್ಲಿ ಸ್ಪರ್ಧಿಗಳ ಆಯ್ಕೆಗೆ ಒಂದು ಕಟ್ಟು ಬಂದದ್ದು 1964ರಿಂದ, ‘ಫೆಮಿನಾ’ ಪತ್ರಿಕೆ ಆ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ. ಆದರೂ 1966ರಲ್ಲಿ ಲಂಡನ್ನಿಗೆ ಹೋದ ರೀಟಾ ಫಾರಿಯಾ ಅವರ ಬಳಿ ಇದ್ದ ಸಿದ್ಧತೆ ಎಷ್ಟು ಕಡಿಮೆಯೆಂದರೆ, ಉಟ್ಟ ಸೀರೆ, ತೊಟ್ಟ ಈಜುಡುಗೆಗಳೂ ಎರವಲಿನವು. ಗೋವಾ ಮೂಲದ, ಮುಂಬೈಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಆ ವಿದ್ಯಾರ್ಥಿನಿ ಆ ವರ್ಷ ವಿಶ್ವಸುಂದರಿಯಾದರು. ಏಷ್ಯಾದಿಂದ ಅವರೇ ಮೊದಲಿಗರು. ಒಂದು ವರ್ಷದ ಕರಾರು ಮುಗಿಸಿ, ಸಿನಿಮಾ, ಮಾಡೆಲಿಂಗ್‌ಗಳ ಕರೆಗೆ ಓಗೊಡದೆ ವೈದ್ಯಕೀಯ ಓದಿಗೆ ಮರಳಿ, ವೈದ್ಯೆಯಾಗಿ ಡಬ್ಲಿನ್‌ನಲ್ಲಿ ನೆಲೆಸಿದರು. ಅದಾದ ನಾಲ್ಕು ವರ್ಷಕ್ಕೆ, 1970ರ ನವೆಂಬರಿನಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಪರ್ಧೆ ನಡೆಯುತ್ತಿದ್ದಾಗ ಸ್ತ್ರೀವಾದಿ ಕಾರ್ಯಕರ್ತೆಯರು ಹಿಟ್ಟಿನ ಪೊಟ್ಟಣ, ಕರಪತ್ರಗಳನ್ನು ಎಸೆದು ನಿರೂಪಕ ಬಾಬ್ ಹೋಪ್‌ರನ್ನು ವೇದಿಕೆಯಿಂದ ಓಡಿಸಿದರು. ಅಂದು ಗೆದ್ದವರು ಗ್ರೆನಡಾದ ಜೆನಿಫರ್ ಹೋಸ್ಟನ್, ಕಪ್ಪು ಜನಾಂಗದ ಮೊದಲ ವಿಶ್ವಸುಂದರಿ. ಹೆಣ್ಣನ್ನು ಸಂತೆಯ ದನದಂತೆ ಅಳೆಯಬೇಡಿ ಎಂದವರ ಮಾತಿನಲ್ಲೂ ನ್ಯಾಯವಿತ್ತು. ತನ್ನ ಬಣ್ಣದವರನ್ನು ಚೆಲುವೆಯರೆಂದು ಲೋಕ ಒಪ್ಪಿದ್ದನ್ನು ಕಂಡು ಹಿಗ್ಗಿದ ಹೋಸ್ಟನ್ ಅವರ ಸಂತೋಷದಲ್ಲೂ ನ್ಯಾಯವಿತ್ತು. ಒಂದೇ ರಾತ್ರಿಯ ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯದೆ ಈ ಸ್ಪರ್ಧೆಯ ಇತಿಹಾಸವನ್ನು ಬರೆಯಲಾಗದು.

ರೀಟಾ ಫಾರಿಯಾ ಬಳಿಕ ಇಪ್ಪತ್ತೆಂಟು ವರ್ಷ ಭಾರತಕ್ಕೆ ವಿಶ್ವಸುಂದರಿ ಕಿರೀಟ ಬರಲಿಲ್ಲ. 1991ರ ಆರ್ಥಿಕ ಉದಾರೀಕರಣದ ನಂತರ ವಿದೇಶಿ ಪ್ರಸಾಧನ ಕಂಪನಿಗಳು ಬಂದವು, ಉಪಗ್ರಹ ವಾಹಿನಿಗಳು ಮನೆಮನೆ ಹೊಕ್ಕವು. 1994ರ ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಭುವನ ಸುಂದರಿಯಾದರು. ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಐಶ್ವರ್ಯಾ ಹುಟ್ಟಿದ್ದು ಮಂಗಳೂರಿನಲ್ಲಿ, ತುಳು ಮನೆಮಾತಿನ ಕುಟುಂಬದಲ್ಲಿ, 1973ರ ನವೆಂಬರ್ 1ರಂದು. ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು ಅದೇ ದಿನ. ಮುಂಬೈಯಲ್ಲಿ ಬೆಳೆದರೂ ಕರಾವಳಿಯ ಜನ ಅವರನ್ನು ತಮ್ಮೂರ ಹುಡುಗಿಯೆಂದೇ ಬರಮಾಡಿಕೊಂಡರು. ಬೆಡಗಿನ ಲೋಕ ಎಲ್ಲೋ ದೂರದ್ದೆಂದುಕೊಂಡಿದ್ದ ಕನ್ನಡ ನಾಡಿನ ಮಧ್ಯಮ ವರ್ಗಕ್ಕೆ ಅದು ಕೈಗೆಟುಕುವಂತೆ ಕಂಡದ್ದು ಆಗಲೇ.

ಎರಡು ವರ್ಷದೊಳಗೆ ಸ್ಪರ್ಧೆಯೇ ಬೆಂಗಳೂರಿಗೆ ಬಂತು. ನಟ ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ 1996ರ ವಿಶ್ವಸುಂದರಿ ಸ್ಪರ್ಧೆಯನ್ನು ನಡೆಸುವ ಹಕ್ಕು ಪಡೆದು ಬೆಂಗಳೂರನ್ನು ಆರಿಸಿಕೊಂಡಿತು. ಆ ವರ್ಷ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಪ್ರಧಾನಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಬೆಂಗಳೂರು ಸಾಫ್ಟ್‌ವೇರ್ ನಗರವೆಂದು ಹೆಸರಾಗುತ್ತಿದ್ದ ಕಾಲ. ನೂರಕ್ಕೂ ಹೆಚ್ಚು ದೇಶಗಳಲ್ಲಿ ನೇರ ಪ್ರಸಾರವಾಗುತ್ತದೆ, ರಾಜ್ಯಕ್ಕೆ ಪ್ರವಾಸಿಗರೂ ಬಂಡವಾಳವೂ ಬರುತ್ತವೆ ಎಂಬುದು ಆಯೋಜಕರ ಮಾತು. ಸರ್ಕಾರ ಬೆನ್ನಿಗೆ ನಿಂತಿತು.

ವಿರೋಧಿಸಿದವರು ಒಂದೇ ಗುಂಪಿನವರಲ್ಲ. ಆಗಿನ ಸುದ್ದಿಗಳಲ್ಲಿ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದ ಇದನ್ನು ಬಿಡಿಸಿ ಹೇಳುವುದು ಅಗತ್ಯ. ಮೊದಲನೆಯವರು ಸಂಸ್ಕೃತಿಯ ಹೆಸರಿನವರು. ಕೆ.ಎನ್. ಶಶಿಕಲಾ ಅವರ ಮುಂದಾಳತ್ವದ ಮಹಿಳಾ ಜಾಗರಣ ಸಮಿತಿ, ಸ್ಪರ್ಧೆ ನಡೆದರೆ ತಮ್ಮವರು ಪ್ರೇಕ್ಷಕರ ನಡುವೆ ಸೇರಿಕೊಂಡು ಬೆಂಕಿ ಹಚ್ಚಿಕೊಳ್ಳುತ್ತಾರೆಂದು ಸಾರಿತು. ಆ ಬೆದರಿಕೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಭಾರತೀಯ ಜನತಾ ಪಕ್ಷದ ಮಹಿಳೆಯರು, ವಕೀಲೆಯೂ ಶಾಸಕಿಯೂ ಆಗಿದ್ದ ಪ್ರಮೀಳಾ ನೇಸರ್ಗಿ ಮೊದಲಾದವರು ಬೀದಿಗಿಳಿದರು. ಭಾರತೀಯ ನಾರಿಯ ಮಾನ ಅವರ ವಾದದ ಮೂಲ.

ಎರಡನೆಯ ಧ್ವನಿ ಮೈಸೂರು ಸೀಮೆಯ ರೈತ ಚಳವಳಿಯದು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೈಸೂರಿನಲ್ಲಿ 1936ರಲ್ಲಿ ಹುಟ್ಟಿದವರು, ಕಾನೂನು ಪ್ರಾಧ್ಯಾಪಕರು, 1980ರಲ್ಲಿ ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ನಾಯಕರು. ಹಸಿರು ಶಾಲಿನ ಈ ಚಳವಳಿ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತ್ತು. 1996ರ ಜನವರಿಯಲ್ಲಿ ಕೆಂಟುಕಿ ಫ್ರೈಡ್ ಚಿಕನ್ ಅಂಗಡಿಯ ಮೇಲೆ ದಾಳಿ ಮಾಡಿತ್ತು. ಬೀಜ, ಊಟದ ತಟ್ಟೆ, ಚೆಲುವು ಮೂರರ ಮೇಲೂ ಬಹುರಾಷ್ಟ್ರೀಯ ಕಂಪನಿಗಳ ಹಿಡಿತ ಬರುತ್ತಿದೆ ಎಂಬುದು ಈ ಚಳವಳಿಯ ವಾದವಾಗಿತ್ತು. ಮಂಡ್ಯ, ಮೈಸೂರು, ಶಿವಮೊಗ್ಗ ಕಡೆಯ ಹಳ್ಳಿಗಳಲ್ಲಿ ಬೆಲೆ ಕುಸಿತ, ಸಾಲಗಳಿಂದ ಬೇಸತ್ತಿದ್ದ ರೈತರಿಗೆ ಬೆಂಗಳೂರಿನ ಕ್ರೀಡಾಂಗಣದ ಬೆಳಕಿನ ಮಳೆ ಬೇರೊಂದು ದೇಶದ ಸಂಗತಿಯಾಗಿ ಕಂಡದ್ದು ಸಹಜ.

ಮೂರನೆಯವರು ಎಡಪಂಥೀಯ ಹಾಗೂ ಸ್ತ್ರೀವಾದಿ ಸಂಘಟನೆಗಳವರು. ಬೆಂಗಳೂರಿನ ‘ವಿಮೋಚನಾ’ದಂಥ ಸಂಸ್ಥೆಗಳು ವರದಕ್ಷಿಣೆ ಸಾವು, ಮನೆಯೊಳಗಿನ ಹಿಂಸೆಗಳ ವಿರುದ್ಧ ವರ್ಷಗಟ್ಟಲೆ ದುಡಿದಿದ್ದವು. ಹೆಣ್ಣಿನ ಮೈಯನ್ನು ಮಾರಾಟದ ವಸ್ತುವಾಗಿಸುವುದನ್ನು ಅವರು ವಿರೋಧಿಸಿದರು. ಹೆಣ್ಣಿಗೆ ಮಾನದ ಬೇಲಿ ಕಟ್ಟುವವರ ಜೊತೆ ಸೇರಲೂ ಒಪ್ಪಲಿಲ್ಲ. ಎರಡು ಕಡೆಯ ಒತ್ತಡದ ನಡುವೆ ನಿಂತ ಈ ನಿಲುವು ಆಗಿನ ಗದ್ದಲದಲ್ಲಿ ಕಡಿಮೆ ಕೇಳಿಸಿತು. ಇಂದು ಓದುವಾಗ ಮೂರರಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಅದೇ.

ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಕೊನೆಗೆ ಸ್ಪರ್ಧೆಗೆ ದಾರಿ ತೆರೆಯಿತು. ಆಯೋಜಕರು ಈಜುಡುಗೆ ಸುತ್ತನ್ನು ಬೆಂಗಳೂರಿನಿಂದ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಿದರು. ನವೆಂಬರ್ 14ರಂದು ಮದುರೆಯಲ್ಲಿ ಸುರೇಶ್ ಕುಮಾರ್ ಎಂಬ 24ರ ಹರೆಯದ ದರ್ಜಿ ಸ್ಪರ್ಧೆಯನ್ನು ಪ್ರತಿಭಟಿಸಿ ಬೆಂಕಿ ಹಚ್ಚಿಕೊಂಡು ಸತ್ತರು. ಎಡಪಂಥೀಯ ಯುವಜನ ಸಂಘಟನೆಯ ಕಾರ್ಯಕರ್ತರಾಗಿದ್ದ ಅವರ ಸಾವು ಇಡೀ ಪ್ರಕರಣದ ಅತಿ ನೋವಿನ ಸಂಗತಿ. ಬೆಂಗಳೂರಿನಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಕ್ರೀಡಾಂಗಣದ ವೇದಿಕೆ ಸಿದ್ಧವಾಗುತ್ತಿದ್ದಾಗಲೇ ಒಂದು ಜೀವ ಹೋಯಿತು.

ಸ್ಪರ್ಧೆ ನಡೆದದ್ದು 1996ರ ನವೆಂಬರ್ 23ರಂದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಸುತ್ತಮುತ್ತ ಹತ್ತು ಸಾವಿರಕ್ಕೂ ಹೆಚ್ಚು ಪೊಲೀಸರ ಕಾವಲು. ಮಹಾತ್ಮ ಗಾಂಧಿ ರಸ್ತೆ, ಕಬ್ಬನ್ ಪಾರ್ಕ್ ಕಡೆ ದಿನವಿಡೀ ಪ್ರತಿಭಟನೆ, ಲಾಠಿ, ಬಂಧನ. ಒಳಗೆ 88 ದೇಶಗಳ ಸ್ಪರ್ಧಿಗಳು. ರೂಬಿ ಭಾಟಿಯಾ ಮತ್ತು ರಿಚರ್ಡ್ ಸ್ಟೈನ್‌ಮೆಟ್ಸ್ ನಿರೂಪಕರು. ಭಾರತದ ಪರವಾಗಿ ನಿಂತವರು ರಾಣಿ ಜೇರಾಜ್, ಬೆಂಗಳೂರಿನವರೇ. ಊರಿನ ಹುಡುಗಿ ಊರಿನ ಕ್ರೀಡಾಂಗಣದಲ್ಲಿ, ಹೊರಗೆ ತನ್ನೂರಿನವರೇ ಘೋಷಣೆ ಕೂಗುತ್ತಿರುವಾಗ, ಕೊನೆಯ ಐವರಲ್ಲಿ ಒಬ್ಬರಾದರು. ಗ್ರೀಸ್, ಕೊಲಂಬಿಯಾ, ಬ್ರೆಜಿಲ್, ವೆನೆಜುವೆಲಾದ ಸ್ಪರ್ಧಿಗಳು ಉಳಿದ ನಾಲ್ವರು. ಗ್ರೀಸ್‌ನ 18 ವರ್ಷದ ಐರಿನಿ ಸ್ಕ್ಲೀವಾ ಅವರಿಗೆ ಹಿಂದಿನ ವರ್ಷದ ವಿಜೇತೆ, ವೆನೆಜುವೆಲಾದ ಜಾಕ್ವೆಲಿನ್ ಅಗಿಲೇರಾ ಕಿರೀಟ ತೊಡಿಸಿದರು. ಗ್ರೀಸ್‌ಗೆ ಅದು ಮೊದಲ ವಿಶ್ವಸುಂದರಿ ಕಿರೀಟ. ಬೆದರಿಕೆ ಹಾಕಿದಂತೆ ಒಳಗೆ ಯಾರೂ ಬೆಂಕಿ ಹಚ್ಚಿಕೊಳ್ಳಲಿಲ್ಲ. ಎಬಿಸಿಎಲ್‌ಗೆ ಮಾತ್ರ ಈ ಸ್ಪರ್ಧೆಯಿಂದ ದೊಡ್ಡ ನಷ್ಟವಾಯಿತು. ಆ ಕಂಪನಿಯ ಕುಸಿತದಲ್ಲಿ ಬೆಂಗಳೂರಿನ ಸಂಜೆಗೂ ಪಾಲಿದೆ.

ಆ ಗದ್ದಲದಲ್ಲಿ ಎಲ್ಲರೂ ಮಾತಾಡಿದರು: ಮಂತ್ರಿಗಳು, ಚಿತ್ರನಟರು, ನ್ಯಾಯವಾದಿಗಳು, ರೈತ ನಾಯಕರು, ಧರ್ಮಗುರುಗಳು, ಸಂಪಾದಕರು. 88 ಹುಡುಗಿಯರು ಏಕೆ ಬಂದಿದ್ದರು, ಅವರಿಗೆ ಏನು ಬೇಕಿತ್ತು ಎಂದು ಕೇಳಿದವರು ತೀರ ಕಡಿಮೆ. ಹೋಟೆಲಿನಿಂದ ಕ್ರೀಡಾಂಗಣಕ್ಕೆ ಪೊಲೀಸ್ ಬೆಂಗಾವಲಿನಲ್ಲಿ ಸಾಗಿದ ಅವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತನಾಲ್ಕರ ನಡುವಿನವರು.  ಒಬ್ಬರಿಗೆ ಕಿರೀಟ, ಉಳಿದ 87 ಮಂದಿಗೆ ಊರಿಗೆ ಮರಳುವ ವಿಮಾನ. ಈ ಲೆಕ್ಕದಲ್ಲಿ ಯಾರ ಲಾಭ ಎಷ್ಟು ಎಂಬುದನ್ನು ಪರವಾಗಿದ್ದವರೂ ಚರ್ಚಿಸಲಿಲ್ಲ, ವಿರೋಧಿಸಿದವರೂ ಚರ್ಚಿಸಲಿಲ್ಲ.

ಸ್ಪರ್ಧೆಯ ಒಳಗಿನ ವ್ಯವಸ್ಥೆ ಗೊತ್ತಾದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಜಾಗತಿಕ ಸಂಸ್ಥೆ ಪ್ರತಿ ದೇಶದಲ್ಲಿ ಒಬ್ಬ ಪರವಾನಗಿದಾರನಿಗೆ ಸ್ಪರ್ಧಿಯನ್ನು ಕಳಿಸುವ ಹಕ್ಕು ಕೊಡುತ್ತದೆ. ಆ ಹಕ್ಕಿಗೆ ಹಣ. ಆತಿಥ್ಯ ವಹಿಸುವ ನಗರ ಅಥವಾ ಕಂಪನಿಯಿಂದ ಇನ್ನಷ್ಟು ಹಣ. ಪ್ರಸಾರದ ಹಕ್ಕು, ಪ್ರಾಯೋಜಕರ ಜಾಹೀರಾತು ಬೇರೆ. ಗೆದ್ದವಳು ಒಂದು ವರ್ಷ ಸಂಸ್ಥೆಯ ಕರಾರಿಗೆ ಒಳಪಟ್ಟು ದೇಶ ಸುತ್ತಬೇಕು, ದಾನ ಕಾರ್ಯಗಳಲ್ಲಿ ಕಾಣಿಸಿಕೊಳ್ಳಬೇಕು. ‘ಬ್ಯೂಟಿ ವಿತ್ ಎ ಪರ್ಪಸ್’ ಎಂಬ ಸೇವಾ ಯೋಜನೆಯನ್ನು ಎರಿಕ್ ಮಾರ್ಲಿಯವರ ಪತ್ನಿ ಜೂಲಿಯಾ ಮಾರ್ಲಿ 1972ರಲ್ಲೇ ಆರಂಭಿಸಿದ್ದರು. ಭಾರತದಲ್ಲಿ 1990ರ ದಶಕದ ಹೊತ್ತಿಗೆ ತರಬೇತಿಯೂ ವ್ಯವಸ್ಥಿತವಾಯಿತು: ನಡಿಗೆ ತಿದ್ದುವವರು, ಇಂಗ್ಲಿಷ್ ಉಚ್ಚಾರಣೆ ಕಲಿಸುವವರು, ಚರ್ಮ ಮತ್ತು ಹಲ್ಲಿನ ವೈದ್ಯರು, ಆಹಾರ ತಜ್ಞರು, ಕೊನೆಯ ಪ್ರಶ್ನೆಗೆ ಉತ್ತರ ಹೇಳುವುದನ್ನು ಅಭ್ಯಾಸ ಮಾಡಿಸುವವರು. ರೀಟಾ ಫಾರಿಯಾ ಎರವಲು ಬಟ್ಟೆಯಲ್ಲಿ ಗೆದ್ದ ಕಾಲ ಮುಗಿದಿತ್ತು. ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ 2000ದ ಮೇ ತಿಂಗಳಲ್ಲಿ ಸೈಪ್ರಸ್ ದ್ವೀಪದ ನಿಕೋಸಿಯಾದಲ್ಲಿ ಭುವನ ಸುಂದರಿಯಾದರು. ಅಂದು ಅವರಿಗೆ ಕೇಳಿದ ಕೊನೆಯ ಪ್ರಶ್ನೆ, ಹೊರಗೆ ಈ ಸ್ಪರ್ಧೆಯನ್ನು ಪ್ರತಿಭಟಿಸುತ್ತಿರುವವರಿಗೆ ಏನು ಹೇಳುತ್ತೀರಿ ಎಂಬುದೇ ಆಗಿತ್ತು. ಬೆಂಗಳೂರಿನ ಬೀದಿಗಳಲ್ಲಿ ನಾಲ್ಕು ವರ್ಷದ ಹಿಂದೆ ಕೇಳಿದ್ದ ಘೋಷಣೆಗಳಿಗೆ ಬೆಂಗಳೂರಿನಲ್ಲಿ ಬೆಳೆದ ಹುಡುಗಿಯೇ ವೇದಿಕೆಯ ಮೇಲಿಂದ ಉತ್ತರಿಸಬೇಕಾಯಿತು. ಯುವತಿಯರು ಬಯಸಿದ ಕ್ಷೇತ್ರಕ್ಕೆ ಕಾಲಿಡಲು ಈ ವೇದಿಕೆ ನೆರವಾಗುತ್ತದೆ ಎಂಬರ್ಥದ ಮಾತಾಡಿ ಅವರು ಗೆದ್ದರು.

ಮುಂದಿನ ಎರಡು ದಶಕಗಳಲ್ಲಿ ಕರ್ನಾಟಕದ ಸ್ಪರ್ಧಿಗಳ ಹಿನ್ನೆಲೆ ಬದಲಾಯಿತು. 2010ರ ಡಿಸೆಂಬರಿನಲ್ಲಿ ವಿಯೆಟ್ನಾಂನಲ್ಲಿ ಬೆಂಗಳೂರಿನ ನಿಕೋಲ್ ಫಾರಿಯಾ ‘ಮಿಸ್ ಅರ್ತ್’ ಆದರು. ಭಾರತಕ್ಕೆ ಅದು ಮೊದಲು. 2014ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಆಶಾ ಭಟ್ ‘ಮಿಸ್ ಸುಪ್ರಾನ್ಯಾಷನಲ್’ ಆದರು. ಅದೂ ಭಾರತಕ್ಕೆ ಮೊದಲು. ಆಶಾ ಭದ್ರಾವತಿಯವರು. ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಕಟ್ಟಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಆ ಊರಿನಿಂದ ಬಂದು, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. 2016ರಲ್ಲಿ ಅದೇ ಕಿರೀಟ ಗೆದ್ದ ಶ್ರೀನಿಧಿ ಶೆಟ್ಟಿ ಮಂಗಳೂರು ಕಡೆಯವರು, ಅವರೂ ಎಂಜಿನಿಯರ್. ಮುಂದೆ ‘ಕೆಜಿಎಫ್’ ಚಿತ್ರಗಳಿಂದ ಮನೆಮಾತಾದರು. ಆಶಾ ‘ರಾಬರ್ಟ್’ ಚಿತ್ರದಲ್ಲಿ ನಟಿಸಿದರು. ಎಂಜಿನಿಯರಿಂಗ್ ಸೀಟು, ಕ್ಯಾಂಪಸ್ ಸಂದರ್ಶನ, ಅದರ ಜೊತೆಗೆ ಸೌಂದರ್ಯ ಸ್ಪರ್ಧೆ: ಸಣ್ಣ ಊರುಗಳ ಮಧ್ಯಮ ವರ್ಗದ ಮನೆಗಳಲ್ಲಿ ಇದು ಮೇಲೇರುವ ಮತ್ತೊಂದು ಮೆಟ್ಟಿಲಾಯಿತು. 1996ರಲ್ಲಿ ಬೀದಿಗಿಳಿದಿದ್ದ ವರ್ಗವೂ ಇದೇ ಎಂಬುದನ್ನು ಮರೆಯುವಂತಿಲ್ಲ. 2017ರಿಂದ ‘ಮಿಸ್ ಇಂಡಿಯಾ’ ಆಯ್ಕೆ ರಾಜ್ಯವಾರು ನಡೆಯತೊಡಗಿದ್ದರಿಂದ, ಮಹಾನಗರದ ಹೊರಗಿನ ಹುಡುಗಿಯರಿಗೂ ದಾರಿ ಅಗಲವಾಯಿತು. 2022ರಲ್ಲಿ ಕರ್ನಾಟಕದ ಪರವಾಗಿ ಗೆದ್ದ ಸಿನಿ ಶೆಟ್ಟಿ ಮುಂಬೈಯಲ್ಲಿ ಹುಟ್ಟಿದ ತುಳುನಾಡಿನ ಮನೆತನದವರು, ಭರತನಾಟ್ಯ ಕಲಿತವರು. ಅದೇ ಸಾಲಿನ ಭುವನ ಸುಂದರಿ ಸ್ಪರ್ಧೆಯಲ್ಲಿ ಭಾರತದ ಪರವಾಗಿ ನಿಂತ ದಿವಿತಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ.

ಬೆಂಗಳೂರಿನಲ್ಲಿ ಅತಿ ಹೆಚ್ಚು ರೊಚ್ಚಿಗೆ ಕಾರಣವಾಗಿದ್ದ ಈಜುಡುಗೆ ಸುತ್ತನ್ನು ವಿಶ್ವಸುಂದರಿ ಸಂಸ್ಥೆ 2014ರ ಕೊನೆಯಲ್ಲಿ ತಾನಾಗಿಯೇ ಕೈಬಿಟ್ಟಿತು. ಹೆಂಗಸರಿಗೂ ಅದರಿಂದ ಪ್ರಯೋಜನವಿಲ್ಲ, ಸಂಸ್ಥೆಗೂ ಇಲ್ಲ ಎಂಬ ನಿಲುವಿಗೆ ಜೂಲಿಯಾ ಮಾರ್ಲಿಯವರೇ ಬಂದಿದ್ದರು. 1996ರ ಬಳಿಕ ಸ್ಪರ್ಧೆ ಭಾರತಕ್ಕೆ ಮರಳಿದ್ದು ಇಪ್ಪತ್ತೇಳು ವರ್ಷಗಳ ನಂತರ: 2024ರ ಮಾರ್ಚ್ 9ರಂದು ಮುಂಬೈಯಲ್ಲಿ. ಸಿನಿ ಶೆಟ್ಟಿ ಅಲ್ಲಿ ಕೊನೆಯ ಎಂಟರವರೆಗೆ ತಲುಪಿದರು. ಕಿರೀಟ ಝೆಕ್ ದೇಶದ ಕ್ರಿಸ್ಟಿನಾ ಪಿಶ್ಕೋವಾ ಅವರದಾಯಿತು. ಮರುಸಲ 2025ರ ಮೇ 31ರಂದು ಹೈದರಾಬಾದಿನಲ್ಲಿ ನಡೆದಾಗ ಥಾಯ್ಲೆಂಡಿನ ಓಪಲ್ ಸುಚಾತಾ ಗೆದ್ದರು. ಎರಡೂ ನಗರಗಳಲ್ಲಿ ಬೆಂಗಳೂರಿನಂಥ ಬೀದಿ ಕಾಳಗ ನಡೆಯಲಿಲ್ಲ. ಬೆಂಗಳೂರಿಗೆ ಆ ಸ್ಪರ್ಧೆ ಮತ್ತೆ ಬಂದಿಲ್ಲ.